ಹಿಂದಿನ ಸೀಟಿನ ಮನುಷ್ಯ

ಬಸ್ಸಿನ ಸ್ಟೀರಿಂಗ್ ಹಿಡಿದು ನಾಲ್ಕು ತಿಂಗಳಾದರೂ ಡಿಪೋ ಗೇಟು ಕಂಡರೆ ಅವಳ ಎದೆ ಡವಗುಟ್ಟುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸ್ಸನ್ನು ಒಳಗೆ ತರುವಾಗ ಎಡಗಡೆಯ ಕನ್ನಡಿ ಆ ಗೇಟಿನ ಕಂಬಕ್ಕೆ ತಗುಲಿ ಚೂರುಚೂರಾಗಿತ್ತು. ಡಿಪೋ ಮ್ಯಾನೇಜರ್ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಪ್ರೊಬೇಷನ್ನಲ್ಲಿದೀರಿ. ಇನ್ನೊಂದು ಸಲ ಏನಾದ್ರೂ ಆದ್ರೆ ನೋಡಬೇಕಾಗುತ್ತೆ" ಎಂದಿದ್ದರು. ಬೈದಿದ್ದರೆ ಅವತ್ತಿಗೇ ಮರೆತುಬಿಡುತ್ತಿದ್ದಳು. ಆ ‘ನೋಡಬೇಕಾಗುತ್ತೆ’ ಮಾತ್ರ ಕಿವಿಯೊಳಗೆ ಹೊಕ್ಕ ನುಸಿಯ ಹಾಗೆ ಗುಂಯ್‌ಗುಡುತ್ತಲೇ ಇತ್ತು.

ಅದಕ್ಕೂ ಮೊದಲು ಅವಳು ಒಂದು ಲಾಂಡ್ರಿಯ ವ್ಯಾನು ಓಡಿಸುತ್ತಿದ್ದಳು. ಆಸ್ಪತ್ರೆಗಳ ಬೆಡ್‌ಶೀಟು, ಹೋಟೆಲುಗಳ ಟವೆಲು ತುಂಬಿಕೊಂಡು ಊರೆಲ್ಲ ಸುತ್ತುತ್ತಿದ್ದಳು. ಬೆಡ್‌ಶೀಟುಗಳು ಬ್ರೇಕು ಜೋರಾಗಿ ಒತ್ತಿದರೂ ಗೊಣಗುವುದಿಲ್ಲ, ತಿರುವಿನಲ್ಲಿ ಒಂದರ ಮೇಲೊಂದು ಬಿದ್ದರೂ ದೂರು ಕೊಡುವುದಿಲ್ಲ. ಲಾಂಡ್ರಿ ಮುಚ್ಚಿದಾಗ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡು ಸಿಟಿ ಬಸ್ಸಿಗೆ ಅರ್ಜಿ ಹಾಕಿದಳು, ಕೆಲಸವೂ ಸಿಕ್ಕಿತು. ಆರು ತಿಂಗಳು ಪ್ರೊಬೇಷನ್. ಆಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಮ್ಯಾನೇಜರಿಗೆ ಬಿಟ್ಟಿದ್ದು. ಪ್ರಯಾಣಿಕರು ಅವಳನ್ನು ‘ಡ್ರೈವರಮ್ಮ’ ಎಂದು ಕರೆಯತೊಡಗಿದ್ದರು. ಕರೆಸಿಕೊಳ್ಳಲು ಖುಷಿ, ಆದರೆ ಆ ಹೆಸರು ಇನ್ನೂ ತನ್ನದಲ್ಲ, ಯಾವಾಗ ಬೇಕಾದರೂ ವಾಪಸ್ ಕೇಳಬಹುದು ಎನ್ನುವ ಅಳುಕು.

ಮನೆಯಲ್ಲಿ ಮೂವರೇ. ಗಂಡ ಫ್ರಿಜ್ ರಿಪೇರಿ ಮಾಡುವವನು, ಬಾಯಿ ತೆರೆದರೆ ತಮಾಷೆ. ಮಾವ ಅದಕ್ಕೆ ತದ್ವಿರುದ್ಧ. ಕಾರ್ಖಾನೆಯ ಲೇತ್ ಮಷೀನಿನ ಮುಂದೆ ಆಯಸ್ಸು ಸವೆಸಿ ನಿವೃತ್ತರಾದವರು. ಮಷೀನಿನ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಉಳಿದರ್ಧವನ್ನು ಅಪ್ಪ ತಮಗೆ ಬೇಕಾದಾಗ ಮಾತ್ರ ಬಳಸುತ್ತಾರೆ ಎಂದು ಮಗ ನಗುತ್ತಿದ್ದ. ಅತ್ತೆ ತೀರಿಕೊಂಡ ಮೇಲಂತೂ ಮಾವನ ಮಾತು ಪೂರ್ತಿ ಇಂಗಿಹೋಗಿತ್ತು. ಬಸ್ಸಿಗೆ ಅರ್ಜಿ ಹಾಕಿದ್ದೇನೆ ಎಂದು ಸೊಸೆ ಹೇಳಿದ ದಿನ ಅವರು "ಹೂಂ" ಎಂದು ಎದ್ದುಹೋಗಿ ಬಾಲ್ಕನಿಯ ಗಿಡಗಳಿಗೆ ನೀರು ಹಾಕತೊಡಗಿದ್ದರು. ಆಗಲೇ ಒಮ್ಮೆ ನೀರು ಕಂಡಿದ್ದ ಗಿಡಗಳು. ಮಾವನಿಗೆ ಇದು ಹಿಡಿಸಿಲ್ಲ ಎಂದು ಅವಳು ಅಂದುಕೊಂಡಳು. ಕೇಳುವ ಧೈರ್ಯ ಬರಲಿಲ್ಲ.

ಐದನೇ ತಿಂಗಳು ಶುರುವಾದಾಗ ಡಿಪೋದ ಕ್ಯಾಂಟೀನಿನಲ್ಲಿ ಒಂದು ಸುದ್ದಿ ಹರಿದಾಡಿತು. ಅವಳ ಬಸ್ಸಿನ ಕಂಡಕ್ಟರನೇ ಅದನ್ನು ತಂದವನು. ಯಾರಿಗೂ ಸರಿಯಾಗಿ ಚಿಲ್ಲರೆ ಕೊಡದ್ದರಿಂದ ಡಿಪೋ ಪೂರ್ತಿ ಅವನಿಗೆ ‘ಚಿಲ್ಲರೆ’ ಎಂದೇ ಹೆಸರು.

"ಅಕ್ಕಾ, ಪ್ರೊಬೇಷನ್ ಮುಗಿಯೋ ಮುಂಚೆ ಕಂಪನಿಯವರು ಗುಟ್ಟಾಗಿ ಒಬ್ಬರನ್ನ ಕಳಿಸ್ತಾರಂತೆ. ಪ್ಯಾಸೆಂಜರ್ ತರಹ ಬಂದು ಕೂತು, ಹೇಗೆ ಓಡಿಸ್ತಾರೆ ಅಂತ ನೋಡಿ, ಮೇಲಿನವರಿಗೆ ಹೇಳ್ತಾರಂತೆ."

"ಯಾರು ಹೇಳಿದ್ದು ನಿಂಗೆ?"

"ಎಲ್ರೂ ಹೇಳ್ತಿದಾರೆ."

ಎಲ್ಲರೂ ಹೇಳುವ ಮಾತಿಗೆ ಮೂಲ ಹುಡುಕುವುದು ಎಲ್ಲಿ? ಅವಳು ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದಳು.

ಅದೇ ವಾರ ಆ ಮನುಷ್ಯ ಕಾಣಿಸಿಕೊಂಡ. ಅವಳ ಪಾಳಿ ಬೆಳಗಿನ ಜಾವ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಕೊನೆಯ ಟ್ರಿಪ್ಪಿನಲ್ಲಿ ಬಸ್ಸು ಮುಕ್ಕಾಲು ಪಾಲು ಖಾಲಿ. ಮಾರುಕಟ್ಟೆಯ ಸ್ಟಾಪಿನಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬರು ಹತ್ತಿ ಕಟ್ಟಕಡೆಯ ಸೀಟಿನ ಮೂಲೆ ಹಿಡಿದರು. ಕಿವಿ ಮುಚ್ಚುವ ಉಣ್ಣೆ ಟೋಪಿ, ದಪ್ಪ ಕಪ್ಪು ಕನ್ನಡಕ, ಮೊಣಕಾಲಿನವರೆಗೆ ಇಳಿಬಿದ್ದ ದೊಗಲೆ ಕೋಟು, ಮೂಗಿನ ಮೇಲೆ ಮಾಸ್ಕು. ಒಳಗನ್ನಡಿಯಲ್ಲಿ ಅವಳಿಗೆ ಕಂಡದ್ದು ಬೆರಳಿನಷ್ಟು ಉದ್ದದ ಒಂದು ಕಪ್ಪು ಆಕೃತಿ, ಅಷ್ಟೇ. ಆ ಸೆಕೆಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡವರು ಯಾರೇ ಇರಲಿ, ಸುಮ್ಮನೆ ಬಂದವರಲ್ಲ.

ಕಡೆಯ ಸ್ಟಾಪು ಬಂತು. ಅವರು ಇಳಿಯಲಿಲ್ಲ. ಬಸ್ಸು ತಿರುಗಿ ಹೊರಟಾಗ ಮತ್ತೊಂದು ಟಿಕೆಟ್ ತೆಗೆದುಕೊಂಡು ಅಲ್ಲೇ ಕುಳಿತರು. ಡಿಪೋಕ್ಕೆ ಒಂದು ಸ್ಟಾಪು ಇರುವಾಗ ಇಳಿದುಹೋದರು. ಮರುದಿನವೂ ಹಾಗೇ. ಅದರ ಮರುದಿನವೂ.

"ಅಕ್ಕಾ, ಅನುಮಾನವೇ ಇಲ್ಲ. ಅವರೇ" ಎಂದ ಚಿಲ್ಲರೆ, ಇಂಜಿನ್ನಿನ ಬಾನೆಟ್ ಮೇಲೆ ಬಾಗಿ. "ಕೆಲಸ ಇದ್ದೋರು ಯಾರಾದ್ರೂ ಹೋದ ದಾರೀಲೇ ವಾಪಸ್ ಬರ್ತಾರಾ?"

ಅಲ್ಲಿಂದ ಅವಳ ಓಡಿಸುವಿಕೆಯೇ ಬದಲಾಯಿತು. ಸಿಗ್ನಲ್ಲು ಇನ್ನೂ ದೂರವಿರುವಾಗಲೇ ಬ್ರೇಕಿನ ಮೇಲೆ ಕಾಲು. ತಿರುವು ಬಂದರೆ ತುಂಬಿದ ಕೊಡ ಹೊತ್ತವಳ ನಡಿಗೆ. ಸ್ಟಾಪಿನಲ್ಲಿ ಕೊನೆಯ ಅಜ್ಜಿ ಕೂತು, ಸೆರಗು ಸರಿಪಡಿಸಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಳ್ಳುವ ತನಕ ಗೇರು ಹಾಕಳು. ಬಸ್ಸು ದಿನವೂ ತಡವಾಗತೊಡಗಿತು. ಬಸವನಹುಳಕ್ಕೂ ನಮಗೂ ಪಂದ್ಯ ಇಟ್ಟರೆ ನಾವೇ ಸೋಲುವುದು ಎಂದು ಚಿಲ್ಲರೆ ಗೊಣಗಿದ. ತಡವಾದದ್ದಕ್ಕೂ ಅಂಕ ಕಳೆಯುತ್ತಾರೇನೋ ಎಂಬ ಹೊಸ ಚಿಂತೆ ಹತ್ತಿ ಅವಳಿಗೆ ಅನ್ನ ಸೇರದಾಯಿತು.

ತಡೆಯಲಾರದೆ ಒಂದು ದಿನ ಚಿಲ್ಲರೆಯನ್ನೇ ಹಿಂದಕ್ಕೆ ಅಟ್ಟಿದಳು. ಟಿಕೆಟ್ ಕೊಡುವ ನೆಪದಲ್ಲಿ ಅವನು ಹೋಗಿ, "ಸಾರ್, ನಮ್ಮ ಡ್ರೈವರಮ್ಮ ಹೇಗೆ ಓಡಿಸ್ತಾರೆ?" ಎಂದು ಕೇಳಿದ. ಅವರು ಕಿಟಕಿಯಾಚೆ ನೋಡುತ್ತಾ, ಮಾಸ್ಕಿನೊಳಗಿಂದಲೇ ಒಂದು ಮಾತು ಹೇಳಿದರಂತೆ: "ಪರವಾಗಿಲ್ಲ."

ಆ ಸಂಜೆ ಅವಳು ಕಾಫಿ ಲೋಟಗಳನ್ನು ತಂದಿಟ್ಟು ಗಂಡನ ಮುಂದೆ ಕುಸಿದು ಕುಳಿತಳು. ಪಕ್ಕದ ಕುರ್ಚಿಯಲ್ಲಿ ಮಾವ ತೂಕಡಿಸುತ್ತಿದ್ದರು. ಈಚೆಗೆ ಸಂಜೆಯಾದರೆ ಸಾಕು, ಕೂತಲ್ಲೇ ಅವರ ತಲೆ ಎದೆಗೆ ಜೋತುಬೀಳುತ್ತಿತ್ತು.

"ಪರವಾಗಿಲ್ಲ ಅಂದ್ರೆ ಏನರ್ಥ ರೀ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತ."

"ಹಾಗಲ್ಲ. ನೀವು ನನ್ನ ಅಡುಗೇಗೆ ಪರವಾಗಿಲ್ಲ ಅಂತೀರಲ್ಲ, ಅವತ್ತು ಸಾರು ಮಿಕ್ಕಿರುತ್ತೆ. ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನೋಕೆ ಏನು ಕಷ್ಟ ಅವರಿಗೆ?" ಅವಳ ಕಣ್ಣು ತುಂಬಿತು. "ಅವರು ಹೋಗಿ ಪರವಾಗಿಲ್ಲ ಅಂತ ಹೇಳ್ತಾರೆ, ಮ್ಯಾನೇಜರು ನೋಡಬೇಕಾಗುತ್ತೆ ಅಂತಾರೆ, ಮುಗೀತು. ಆಮೇಲೆ ಯಾವ ಮುಖ ಇಟ್ಕೊಂಡು ಓಡಾಡಲಿ? ಓಣೀಲಿ ಎಲ್ರಿಗೂ ಹೇಳಿಯಾಗಿದೆ ಬಸ್ಸು ಓಡಿಸ್ತೀನಿ ಅಂತ."

ಗಂಡ ಈ ಸಲ ತಮಾಷೆ ಮಾಡಲಿಲ್ಲ. ಅವಳ ಕೈ ಹಿಡಿದುಕೊಂಡ. ಸ್ಟೀರಿಂಗ್ ಬಿಗಿಹಿಡಿದು ಹಿಡಿದು ಅಂಗೈಯಲ್ಲಿ ದಡ್ಡು ಬಿದ್ದಿತ್ತು. ಮಾವ ಎಚ್ಚರವಾಗಿದ್ದರೋ ಏನೋ, ಲೋಟ ಎತ್ತಿಕೊಂಡು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಒಳಗೆ ಹೋದರು.

ಮರುದಿನ ಮಾರುಕಟ್ಟೆ ಸ್ಟಾಪು ದಾಟಿದ ಸ್ವಲ್ಪ ಹೊತ್ತಿಗೆ ಚಿಲ್ಲರೆ ಮುಂದಕ್ಕೆ ಓಡಿಬಂದ. ಅವನ ಮುಖ ಊರಗಲವಾಗಿತ್ತು.

"ಅಕ್ಕಾ, ಇವತ್ತು ನಾನು ಕೇಳೇ ಇಲ್ಲ. ಅವರಾಗೇ ನನ್ನ ತೋಳು ಹಿಡಿದು ನಿಲ್ಲಿಸಿದ್ರು. ‘ನಿಮ್ಮ ಡ್ರೈವರಮ್ಮ ಬಹಳ ಚೆನ್ನಾಗಿ ಓಡಿಸ್ತಾರೆ. ಬಹಳ ಅಂದ್ರೆ ಬಹಳ. ನಿನ್ನೆ ಹೇಳಿದ್ದು ಸರಿಯಾಗಿ ಹೇಳಲಿಲ್ಲ. ಅವರಿಗೆ ತಿಳಿಸು’ ಅಂದ್ರು."

ಅವಳು ಕನ್ನಡಿಯಲ್ಲಿ ನೋಡಿದಳು. ಟೋಪಿಯ ತಲೆ ಕಿಟಕಿಗೆ ಅಂಟಿಕೊಂಡಿತ್ತು. ತಿಂಗಳ ಮೇಲೆ ಮೊದಲ ಸಲ ಅವಳು ಬಸ್ಸನ್ನು ಬಸ್ಸಿನ ಹಾಗೆ ಓಡಿಸಿದಳು. ಕಡೆಯ ಸ್ಟಾಪನ್ನು ಹೊತ್ತಿಗೆ ಸರಿಯಾಗಿ ಮುಟ್ಟಿದರು. ದಾರಿಯ ಮರಗಳು ಹೂ ಬಿಟ್ಟಿದ್ದವು ಎನ್ನುವುದೂ ಅವತ್ತೇ ಕಣ್ಣಿಗೆ ಬಿತ್ತು.

ಇದಾಗಿ ಒಂದು ವಾರವೂ ಕಳೆದಿರಲಿಲ್ಲ. ವಾಪಸ್ ಬರುವಾಗ, ಡಿಪೋದ ಹಿಂದಿನ ಸ್ಟಾಪು ಇನ್ನೇನು ಬಂತು ಎನ್ನುವಾಗ, ಎಡಗಡೆಯ ಸಂದಿಯಿಂದ ಒಂದು ಮೋಟರ್‌ಬೈಕು ಬಾಣದಂತೆ ನುಗ್ಗಿ ಬಸ್ಸಿಗೆ ಅಡ್ಡ ಬಂತು. ಯೋಚಿಸಲು ಹೊತ್ತಿರಲಿಲ್ಲ. ಅವಳ ಕಾಲು ಬ್ರೇಕಿನ ಮೇಲೆ ಪೂರ್ತಿ ಕೂತಿತು. ಬಸ್ಸು ಕಿರ್ರೆಂದು ನಿಂತಿತು. ಬೈಕಿನವನು ಕೂದಲೆಳೆಯಲ್ಲಿ ಪಾರಾಗಿ, ತಿರುಗಿಯೂ ನೋಡದೆ ಹೋದ. ಹಿಂದೆ ಏನೋ ದಪ್ಪೆಂದು ಬಿದ್ದ ಸದ್ದು.

"ಏನಮ್ಮಾ, ಓಡಿಸೋಕೆ ಬರದಿದ್ರೆ ಮನೇಲಿರಬಾರದಾ?" ಎಂದು ಮಧ್ಯದ ಸೀಟಿನವನು ಕೂಗಾಡಿದ. "ಅಕ್ಕಾ, ಬಿದ್ದೋರು ಅವರೇ" ಎಂದ ಚಿಲ್ಲರೆ. ಅವನ ದನಿ ಸತ್ತುಹೋಗಿತ್ತು.

ಹ್ಯಾಂಡ್‌ಬ್ರೇಕ್ ಎಳೆದು, ದೀಪ ಮಿನುಗಿಸಿ, ಅವಳು ಹಿಂದಕ್ಕೆ ಓಡಿದಳು. ಕೆಲಸ ಹೋಯಿತು ಎನ್ನುವುದು ಓಡುವಾಗಲೇ ಖಚಿತವಾಗಿತ್ತು. ಅದರ ಬಗ್ಗೆ ಆಗ ದುಃಖವೂ ಆಗಲಿಲ್ಲ. ಮನುಷ್ಯ ಬದುಕಿದ್ದರೆ ಸಾಕಿತ್ತು. ಇಳಿಯಲೆಂದು ಎದ್ದು ನಿಂತಿದ್ದ ಅವರು ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಕೆಳಗೆ ಕೂತಿದ್ದರು. ಟೋಪಿ ಒಂದು ಕಡೆ, ಕಪ್ಪು ಕನ್ನಡಕ ಇನ್ನೊಂದು ಕಡೆ. ಬೋಳು ನೆತ್ತಿಯ ಪಕ್ಕದ ಆ ಹಳೇ ಸುಟ್ಟ ಕಲೆಯನ್ನು ಅವಳು ದಿನವೂ ಊಟ ಬಡಿಸುವಾಗ ನೋಡುತ್ತಿದ್ದಳು.

"ಮಾವಾ?"

ಮಾವ ಎಡಗೈಯಿಂದ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡರು. "ನಾನ್ಯಾರೋ, ನೀವ್ಯಾರೋ ತಾಯಿ. ನಂಗೇನೂ ಆಗಿಲ್ಲ. ಬಸ್ಸು ಬಿಡಿ."

"ಮಾವಾ, ಕೈ ತೋರಿಸಿ."

"ನಾನೇ ಕಾಲು ಜಾರಿ ಬಿದ್ದೆ. ಬಸ್ಸಿಂದಲ್ಲ." ಅವರು ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ದನಿಯೇರಿಸಿದರು. "ನಿಂತ ಬಸ್ಸಲ್ಲಿ ಬಿದ್ದಿದ್ದು ನಾನು. ಎಲ್ರೂ ಕೇಳಿಸ್ಕೊಳ್ಳಿ. ಈಯಮ್ಮ ಬ್ರೇಕ್ ಹಾಕದಿದ್ರೆ ಆ ಬೈಕಿನ ಹುಡುಗ ಚಟ್ನಿ ಆಗ್ತಿದ್ದ. ಅವನ ಅಪ್ಪ ಅಮ್ಮನ ಪುಣ್ಯ." ಕೂಗಾಡಿದವನು ತಣ್ಣಗಾಗಿ ಕಿಟಕಿಯಾಚೆ ನೋಡತೊಡಗಿದ. ಮದುವೆಯಾಗಿ ಬಂದಾಗಿನಿಂದ ಮಾವ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅಷ್ಟರಲ್ಲಿ ಅವರ ಬಲಗೈ ಮಣಿಕಟ್ಟು ಬನ್ನಿನ ಹಾಗೆ ಊದಿಕೊಳ್ಳುತ್ತಿತ್ತು.

"ಸಾಹೇಬ್ರು ನಿಮ್ಮ ಮಾವನಾ?" ಎಂದು ಚಿಲ್ಲರೆ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಅವಳು ಫೋನ್ ತೆಗೆದು ಡಿಪೋಕ್ಕೆ ಕರೆ ಮಾಡಿದಳು. ಪ್ರಯಾಣಿಕರಿಗೆ ಪೆಟ್ಟಾದರೆ ತಿಳಿಸಬೇಕಾದದ್ದು ನಿಯಮ. ಮಾವ ಒಳ್ಳೆಯ ಕೈಯಿಂದ ಅವಳ ಸೀರೆಯ ಅಂಚು ಹಿಡಿದು, "ಬೇಡಮ್ಮಾ, ನಿನ್ನ ಪ್ರೊಬೇಷನ್ನು" ಎಂದು ಗೊಣಗಿದರು. ಅವಳು ಅವರ ಹೆಗಲ ಮೇಲೆ ಕೈಯಿಟ್ಟುಕೊಂಡೇ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಆಸ್ಪತ್ರೆಯಲ್ಲಿ ಮೂಳೆ ಸಣ್ಣಗೆ ಬಿರಿದಿದೆ ಎಂದರು. ಪ್ಲಾಸ್ಟರ್ ಹಾಕಿಸಿಕೊಂಡು, ಗಂಡ ಬರುವವರೆಗೆ ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಕೋಟು ಪಾರ್ಕಿನ ಗೆಳೆಯನದಂತೆ, ಕನ್ನಡಕ ಇನ್ನೊಬ್ಬ ಗೆಳೆಯನ ಕಣ್ಣಿನ ಆಪರೇಷನ್ನಿನ ಕಾಲದ್ದಂತೆ.

"ಯಾಕೆ ಮಾವಾ ಹೀಗೆ ಮಾಡಿದ್ರಿ?"

ಮಾವ ಪ್ಲಾಸ್ಟರಿನ ಮೇಲೆ ಬೆರಳಾಡಿಸುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಕೇಳಹೋದಾಗ ಮಾತು ಬಂತು.

"ನೀನು ಮನೇಲಿ ಹೇಳ್ತಿದ್ಯಲ್ಲ, ಕನ್ನಡಿ ಒಡೀತು, ಕೆಲಸದಿಂದ ತೆಗೀತಾರೆ ಅಂತ. ನಿಂಗೆ ಸದಾ ಅದೇ ಚಿಂತೆ. ಹೆದರಿಕೆ ಆಯ್ತು ನಂಗೆ. ಅಷ್ಟು ದೊಡ್ಡ ಗಾಡಿ. ಒಂದ್ಸಲ ನೋಡ್ಕೊಂಡು ಬರೋಣ ಅಂತ ಹತ್ತಿದೆ. ನೀನು ನೋಡಿದ್ರೆ ಕೈ ನಡುಗುತ್ತೇನೋ ಅಂತ ಇದೆಲ್ಲ ವೇಷ."

"ಒಂದ್ಸಲ ನೋಡೋಕೆ ಬಂದೋರು ದಿನಾ ಬಂದ್ರಲ್ಲ."

"ಅದಾ?" ಮಾವನ ಮುಖದಲ್ಲಿ ನಾಚಿಕೆಯಂಥದ್ದೇನೋ ಸುಳಿಯಿತು. "ಚೆನ್ನಾಗಿತ್ತಮ್ಮಾ. ಅದಕ್ಕೇ ಬಂದೆ. ಆಯಸ್ಸೆಲ್ಲ ಮಷೀನ್ ಮುಂದೆ ನಿಂತಿದ್ದೆ. ಕತ್ತಲಲ್ಲಿ ಹೋಗೋದು, ಕತ್ತಲಲ್ಲಿ ಬರೋದು. ಇದೇ ಊರಲ್ಲಿ ಹುಟ್ಟಿ ಈ ಊರೇ ನೋಡಿರಲಿಲ್ಲ. ಕಿಟಕಿ ಪಕ್ಕ ಕೂತ್ರೆ ನೀನು ಎಲ್ಲಾ ತೋರಿಸ್ತಿದ್ದೆ. ನಿಮ್ಮತ್ತೆ ಇದ್ದಿದ್ರೆ ಅವಳನ್ನೂ ಕರ್ಕೊಂಡು ಬರ್ತಿದ್ದೆ."

ಅವಳು ಜಾರಿದ್ದ ಕೋಟನ್ನು ಅವರ ಹೆಗಲಿಗೆ ಸರಿಪಡಿಸಿದಳು. ಆಮೇಲೆ ಕೇಳಿದಳು: "ಮತ್ತೆ ಪರವಾಗಿಲ್ಲ ಅಂದಿದ್ಯಾಕೆ?"

"ಜಾಸ್ತಿ ಹೊಗಳಿದ್ರೆ ಆ ಕಂಡಕ್ಟರಿಗೆ ಗುಮಾನಿ ಬರುತ್ತೆ ಅಂತ. ಮನೇಗೆ ಬಂದು ನೀನು ಕಣ್ಣೀರು ಹಾಕಿದೆ. ನಂಗೆ ಅವತ್ತು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಹೊರಬಿಡಬೇಕೋ ತಿಳಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ವಿಚಾರಣೆಗೆ ಕರೆದ ದಿನ ಮಾವ ಬೇಡವೆಂದರೂ ಜೊತೆಗೆ ಹೊರಟರು. ಡಿಪೋ ಮ್ಯಾನೇಜರ್ ಕನ್ನಡಕ ಒರೆಸಿಕೊಂಡು ಇಬ್ಬರನ್ನೂ ನೋಡಿದರು. ಮಾವ ನಿಂತುಕೊಂಡೇ ಸಾಕ್ಷಿ ಹೇಳತೊಡಗಿದರು: ಬೈಕು ಯಾವ ಕಡೆಯಿಂದ ಬಂತು, ಬಸ್ಸು ಎಷ್ಟು ಮೆಲ್ಲಗೆ ಹೋಗುತ್ತಿತ್ತು, ತಾವು ಹೇಗೆ ತಮ್ಮ ತಪ್ಪಿನಿಂದಲೇ ಬಿದ್ದದ್ದು.

"ಸ್ವಾಮೀ, ಕೂತ್ಕೊಳ್ಳಿ" ಎಂದರು ಮ್ಯಾನೇಜರ್. "ನಿಮ್ಮ ಮಾತು ನಾನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಸೊಸೆ ಪರ ಮಾವ ಸಾಕ್ಷಿ ಹೇಳೋದು ನನ್ನ ಸರ್ವಿಸಲ್ಲೇ ಕಂಡಿರಲಿಲ್ಲ, ಅದು ಬೇರೆ ಮಾತು. ಬೇರೆ ಪ್ಯಾಸೆಂಜರ್‌ಗಳನ್ನ ಕೇಳಿದೀನಿ. ಬ್ರೇಕ್ ಹಾಕಿದ್ದು ಸರಿಯಾಗೇ ಇದೆ."

ಅವಳು ಮಾವನಿಗೆ ಕುರ್ಚಿ ಎಳೆದುಕೊಟ್ಟಳು.

"ಆದ್ರೆ ಪೆಟ್ಟಾಗಿದೆಯಲ್ಲ. ಪ್ರೊಬೇಷನ್ನಲ್ಲಿ ಪ್ಯಾಸೆಂಜರಿಗೆ ಪೆಟ್ಟಾದ್ರೆ, ತಪ್ಪು ಯಾರದ್ದೇ ಇರಲಿ, ಕಾಯಂ ಮಾಡೋದನ್ನ ಎರಡು ತಿಂಗಳು ಮುಂದಕ್ಕೆ ಹಾಕಬೇಕು. ಅದು ನನ್ನ ಕೈಲಿಲ್ಲ." ಆಮೇಲೆ ಏನೋ ನೆನಪಾದವರಂತೆ ಕೇಳಿದರು. "ಅದೇನೋ ಗುಟ್ಟಾಗಿ ಯಾರನ್ನೋ ಕಳಿಸ್ತೀವಿ ಅಂತ ಕ್ಯಾಂಟೀನಲ್ಲಿ ಮಾತಂತೆ? ರಜೆ ಹಾಕಿದೋರ ಬದಲಿಗೆ ಕಳಿಸೋಕೇ ನಂಗೆ ಜನ ಇಲ್ಲ. ಗುಟ್ಟಿನ ಮನುಷ್ಯನ್ನ ಎಲ್ಲಿಂದ ತರಲಮ್ಮಾ?"

ಮನೆಗೆ ಬಂದ ಮೇಲೆ ಮಾವ ಊಟಕ್ಕೆ ಏಳಲಿಲ್ಲ. ತಮ್ಮ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಗಂಡ ಎರಡು ಸಲ ಕರೆದು ಸೋತು ಬಂದ. ಅವಳು ತಟ್ಟೆಯಲ್ಲಿ ಅನ್ನ ಕಲಸಿಕೊಂಡು, ಒಂದು ಚಮಚ ಹಿಡಿದು, ಮಂಚದ ತುದಿಯಲ್ಲಿ ಹೋಗಿ ಕುಳಿತಳು.

"ನಾನು ಬರದೇ ಇದ್ದಿದ್ರೆ ನಿಂಗೆ ಕೆಲಸ ಕಾಯಂ ಆಗ್ತಿತ್ತು" ಎಂದರು ಮಾವ, ಗೋಡೆಗೆ.

"ನೀವು ಬರದೇ ಇದ್ದಿದ್ರೆ ನಂಗೆ ಚೆನ್ನಾಗಿ ಓಡಿಸ್ತೀಯ ಅಂತ ಹೇಳೋರು ಯಾರಿದ್ರು? ನಾನು ಇನ್ನೂ ಆ ಕನ್ನಡೀನೇ ಯೋಚಿಸ್ಕೊಂಡು ಬಸ್ಸು ತೆವಳಿಸ್ತಿದ್ದೆ. ಮನೇಗೆ ಕಳಿಸಲಿಲ್ಲ ಮಾವಾ, ನಾಳೆ ಬಾ ಅಂದಿದಾರೆ. ಎರಡು ತಿಂಗಳು ತಾನೇ. ಏಳಿ."

ಮಾವ ತಿರುಗಿದರು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈಯಲ್ಲಿ ಚಮಚ ಹಿಡಿದರೆ ಅರ್ಧ ಅನ್ನ ಎದೆಯ ಮೇಲೆ. ಅವಳು ಚಮಚ ತೆಗೆದುಕೊಂಡು ತಾನೇ ತಿನ್ನಿಸಿದಳು. ಮೊದಲೆರಡು ತುತ್ತಿಗೆ ಸಂಕೋಚಪಟ್ಟು ಕಣ್ಣು ಬೇರೆ ಕಡೆ ಮಾಡಿಕೊಂಡ ಮಾವ, ಆಮೇಲೆ ಸುಮ್ಮನೆ ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಗಂಡ, "ನಂಗೂ ಕೈ ಮುರ್ಕೋಬೇಕು ಅನ್ನಿಸ್ತಿದೆ" ಎಂದು ಹೇಳಿ, ತಂದೆಯಿಂದಲೂ ಹೆಂಡತಿಯಿಂದಲೂ ಒಟ್ಟಿಗೆ ಬೈಸಿಕೊಂಡ.

ಆ ಎರಡು ತಿಂಗಳು ಹೇಗೆ ಕಳೆಯಿತೋ ಅವಳಿಗೇ ನೆನಪಿಲ್ಲ. ಡಿಪೋ ಗೇಟಿನಲ್ಲಿ ಎದೆ ಡವಗುಟ್ಟುವುದು ಯಾವ ದಿನ ನಿಂತಿತೆಂದು ಕೇಳಿದರೂ ಹೇಳಲಾರಳು. ಒಂದು ದಿನ ಚಿಲ್ಲರೆಯ ಜೊತೆ ಹರಟುತ್ತಾ ಒಳಗೆ ಬಂದು ಬಸ್ಸು ನಿಲ್ಲಿಸಿದ ಮೇಲೆ, ಗೇಟನ್ನು ನೆನೆಸಿಕೊಳ್ಳುವುದೇ ಮರೆತಿತ್ತಲ್ಲ ಎಂದು ಹೊಳೆಯಿತು. ಮಾವನ ಪ್ಲಾಸ್ಟರ್ ಬಿಚ್ಚಿದರು. ಅದಾಗಿ ಕೆಲವು ದಿನಕ್ಕೆ ಮ್ಯಾನೇಜರ್ ಅವಳನ್ನು ಕರೆದು, ಕೆಲಸ ಕಾಯಂ ಆಗಿದೆ, ಬರುವ ವಾರದಿಂದ ಬೇರೆ ರೂಟು ಎಂದು ಹೇಳಿದರು. ಊರಿನ ಇನ್ನೊಂದು ತುದಿ. ಸೇತುವೆ ದಾಟಿ ಹೊಳೆಯ ದಂಡೆಯಲ್ಲೇ ಬಹಳ ದೂರ ಹೋಗಬೇಕು.

ಅವಳು ಮನೆಗೆ ಬಂದಾಗ ಮಾವ ಬಾಲ್ಕನಿಯಲ್ಲಿ ಬಲಗೈ ಮುಷ್ಟಿ ಬಿಗಿದು ಬಿಚ್ಚುವ ವ್ಯಾಯಾಮ ಮಾಡುತ್ತಿದ್ದರು. ಸುದ್ದಿ ಕೇಳಿ ಮುಷ್ಟಿ ಹಾಗೇ ನಿಂತಿತು. ಕಣ್ಣು ಒದ್ದೆಯಾದದ್ದನ್ನು ಸೊಸೆ ನೋಡಬಾರದೆಂದು ಬೀದಿಯ ಕಡೆ ತಿರುಗಿದರು. ಹಾಗೇ ನಿಂತು ಕೇಳಿದರು:

"ಹೊಳೆ ಯಾವ ಕಡೆ ಬರುತ್ತೆ? ಎಡಗಡೆ ಕೂತ್ರೆ ಕಾಣುತ್ತೋ, ಬಲಗಡೆಯೋ?"

"ಗೊತ್ತಿಲ್ಲ ಮಾವಾ. ಒಂದೇ ಸಲ ಹೋಗಿದ್ದು. ನಾನು ರಸ್ತೆ ನೋಡ್ತಿದ್ದೆ."

"ಸರಿ ಬಿಡು" ಎಂದರು ಮಾವ. "ನಾನು ನೋಡಿ ಹೇಳ್ತೀನಿ."